ಗಾಳಿಯನ್ನು ಸಾಗಿಸಲೊಲ್ಲದ ಅಂಗಡಿ

ಬೆಂಗಳೂರಿನ ತುಮಕೂರು ರಸ್ತೆಯ ನಾಗಸಂದ್ರ ಮೆಟ್ರೊ ನಿಲ್ದಾಣದ ಬಳಿ ಒಂದು ಗಳಿಗೆ ನಿಂತು ನೋಡಿ. ಕಂಕುಳಲ್ಲಿ ಚಪ್ಪಟೆ ರಟ್ಟಿನ ಪೆಟ್ಟಿಗೆ ಅವುಚಿಕೊಂಡು ಬರುವ ಹುಡುಗರು ಕಾಣಸಿಗುತ್ತಾರೆ. ಮೊದಲ ಸಲ ನೋಡಿದಾಗ ನಾನು ಒಳಗೆ ಕೇರಂ ಬೋರ್ಡ್ ಇರಬೇಕೆಂದುಕೊಂಡಿದ್ದೆ. ಅದರಲ್ಲಿದ್ದುದು ಒಂದು ಮೇಜು, ನಾಲ್ಕು ಕಾಲುಗಳ ಸಮೇತ!

ಅದನ್ನು ಮಾರುವ ಅಂಗಡಿಯ ಹೆಸರು ಐಕಿಯಾ. ಸ್ವೀಡನ್ ದೇಶದ್ದು. ನಾಗಸಂದ್ರದಲ್ಲಿ ಇದು ಬಾಗಿಲು ತೆರೆದದ್ದು 2022ರ ಜೂನ್ 22ರಂದು. ಅದಕ್ಕೆ ಮೊದಲೇ, 2018ರ ಆಗಸ್ಟ್‌ನಲ್ಲಿ, ಹೈದರಾಬಾದಿನಲ್ಲಿ ಭಾರತದ ಮೊದಲ ಮಳಿಗೆ ಬಂದಿತ್ತು. ಮಂಚ, ಮೇಜು, ಪರದೆ, ದೀಪ, ಲೋಟ, ಹೀಗೆ ಮನೆಯೊಳಗೆ ಬೇಕಾದ ಎಲ್ಲವೂ ಅಲ್ಲಿ ಸಿಗುತ್ತದೆ. ಅಂಗಡಿಯ ವೈಭವವನ್ನು ವರ್ಣಿಸಲು ನಾನು ಹೊರಟಿಲ್ಲ. ಆ ಚಪ್ಪಟೆ ಪೆಟ್ಟಿಗೆಯ ಕಥೆ ಹೇಳಬೇಕಾಗಿದೆ.

ಮೊದಲು ಒಂದು ಸಣ್ಣ ಲೆಕ್ಕ. ‘ಲಾಕ್’ ಎಂಬ ಅವರ ಪುಟ್ಟ ಮೇಜನ್ನೇ ತೆಗೆದುಕೊಳ್ಳಿ. ಉದ್ದ 55 ಸೆಂಟಿಮೀಟರ್, ಅಗಲ 55, ಎತ್ತರ 45. ಜೋಡಿಸಿದ ಮೇಜನ್ನು ಲಾರಿಗೆ ಏರಿಸಿದರೆ ಅದು ಆಕ್ರಮಿಸುವ ಜಾಗ ಸುಮಾರು 136 ಲೀಟರ್. ಈಗ ಕಾಲುಗಳನ್ನು ಬಿಚ್ಚಿ. ಮೇಲಿನ ಹಲಗೆಯ ದಪ್ಪ 5 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಅದು 15 ಲೀಟರ್. ಕಾಲುಗಳು ಒಂದೊಂದು ಲೀಟರಿನಂತೆ ನಾಲ್ಕು. ಒಟ್ಟು 19 ಲೀಟರ್. ಒಂದು ಮೇಜಿನ ಜಾಗದಲ್ಲಿ ಏಳು ಮೇಜು! ಮಿಕ್ಕ 117 ಲೀಟರ್ ಬರೀ ಗಾಳಿ. ಡೀಸೆಲ್ ಸುಟ್ಟು, ಬಾಡಿಗೆ ಕೊಟ್ಟು ನಾವು ಊರಿಂದೂರಿಗೆ ಸಾಗಿಸುವುದರಲ್ಲಿ ಬಹುಪಾಲು ಗಾಳಿಯೇ. ಈ ಸರಳ ಸತ್ಯವನ್ನು ಬಿಗಿಯಾಗಿ ಹಿಡಿದುಕೊಂಡ ಒಬ್ಬ ಹಳ್ಳಿ ಹುಡುಗ ಜಗತ್ತಿನ ಅತಿ ದೊಡ್ಡ ಪೀಠೋಪಕರಣ ವ್ಯಾಪಾರಿಯಾದ.

ಅವನ ಹೆಸರು ಇಂಗ್ವಾರ್ ಕಾಂಪ್ರಾಡ್. ಹುಟ್ಟಿದ್ದು 1926ರಲ್ಲಿ, ದಕ್ಷಿಣ ಸ್ವೀಡನ್ನಿನ ಸ್ಮೊಲಾಂಡ್ ಪ್ರಾಂತ್ಯದಲ್ಲಿ. ಕಲ್ಲು ತುಂಬಿದ ಬಡ ಮಣ್ಣು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಜನ ಹೊಟ್ಟೆಪಾಡಿಗಾಗಿ ಗುಂಪು ಗುಂಪಾಗಿ ಅಮೆರಿಕಕ್ಕೆ ಗುಳೆ ಹೋದರು. ಅಂಥ ನೆಲದಲ್ಲಿ ಕಾಸಿಗೆ ಕಾಸು ಕೂಡಿಸುವುದು ಹುಟ್ಟುಗುಣ. ಈ ಹುಡುಗ ಶಾಲೆಗೆ ಹೋಗುವ ವಯಸ್ಸಿನಲ್ಲೇ ಸ್ಟಾಕ್‌ಹೋಮಿನಿಂದ ಬೆಂಕಿಪೊಟ್ಟಣಗಳನ್ನು ಸಗಟಾಗಿ ತರಿಸಿ ನೆರೆಹೊರೆಗೆ ಬಿಡಿಯಾಗಿ ಮಾರಿದ. ಅದೇ ಸ್ಮೊಲಾಂಡಿನ ಯೋನ್‌ಶೋಪಿಂಗ್ ಪಟ್ಟಣ ಬೆಂಕಿಕಡ್ಡಿಗೆ ಹೆಸರುವಾಸಿ. ನಮ್ಮ ದೇಶದ ಹಳೆಯ ‘ವಿಮ್ಕೊ’ ಬೆಂಕಿಪೊಟ್ಟಣ ಕಂಪನಿಯನ್ನು 1923ರಲ್ಲಿ ಕಟ್ಟಿದವರೂ ಸ್ವೀಡನ್ನಿನವರೇ.

ಹುಡುಗನಿಗೆ ಒಂದು ತೊಂದರೆ ಇತ್ತು. ಡಿಸ್ಲೆಕ್ಸಿಯ. ಬುದ್ಧಿಗೇನೂ ಕೊರತೆಯಿಲ್ಲದಿದ್ದರೂ ಓದುವಾಗ, ಬರೆಯುವಾಗ ಅಕ್ಷರಗಳು ಅಡ್ಡಾದಿಡ್ಡಿಯಾಗುವ ತೊಂದರೆ ಅದು. (ನನ್ನ ಸರ್ವೀಸಿನ ಮೊದಲ ವರ್ಷಗಳಲ್ಲಿ ಅಂಥ ಮಕ್ಕಳನ್ನು ದಡ್ಡರ ಸಾಲಿನಲ್ಲಿ ಕೂರಿಸಿದ ಪಾಪ ನನಗೂ ತಟ್ಟಿದೆ. ಆಗ ನನಗೆ ಆ ಪದವೇ ಗೊತ್ತಿರಲಿಲ್ಲ.) ಓದಿನಲ್ಲಿ ಚೆನ್ನಾಗಿ ಮಾಡಿದ್ದಕ್ಕೆ ಅಪ್ಪ ಕೊಟ್ಟ ಬಹುಮಾನದ ಹಣದಿಂದ 1943ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಅವನು ಕಂಪನಿ ಹೂಡಿದ. ತನ್ನ ಹೆಸರಿನ ಎರಡು ಮೊದಲಕ್ಷರ, ಎಲ್ಮ್‌ಟರಿಡ್ ಎಂಬ ತನ್ನ ತೋಟದ ಒಂದು, ಅಗುನ್ನರಿಡ್ ಎಂಬ ಊರಿನ ಒಂದು. ನಾಲ್ಕು ಸೇರಿ ಐಕಿಯಾ. ಸಂಖ್ಯೆಗಳ ಕೋಡು ನೆನಪಿನಲ್ಲಿ ನಿಲ್ಲುವುದಿಲ್ಲವೆಂದು ಮುಂದೆ ಅವನು ಪ್ರತಿ ಸಾಮಾನಿಗೂ ಒಂದೊಂದು ಹೆಸರಿಟ್ಟ. ಮಂಚಗಳಿಗೆ ನಾರ್ವೆಯ ಊರುಗಳ ಹೆಸರು, ಜಮಖಾನಗಳಿಗೆ ಡೆನ್ಮಾರ್ಕಿನ ಊರುಗಳದ್ದು. ಇಂದಿಗೂ ಆ ಪದ್ಧತಿ ಉಂಟು.

ಮೊದಲು ಮಾರಿದ್ದು ಪೆನ್ನು, ಪರ್ಸು, ಚಿತ್ರದ ಚೌಕಟ್ಟು ಇಂಥವು. ಪೀಠೋಪಕರಣ ಸೇರಿದ್ದು 1948ರಲ್ಲಿ. 1951ರಲ್ಲಿ ಚಿತ್ರಸಹಿತ ಕ್ಯಾಟಲಾಗ್ ಬಂತು. ಟಪಾಲಿನಲ್ಲಿ ತರಿಸಿಕೊಳ್ಳುವ ಜನ ಸಾಮಾನನ್ನು ಮುಟ್ಟಿ ನೋಡುವಂತಾಗಲಿ ಎಂದು 1953ರಲ್ಲಿ ಎಲ್ಮ್‌ಹುಲ್ಟ್ ಎಂಬ ಸಣ್ಣ ಊರಿನಲ್ಲಿ ಪ್ರದರ್ಶನ ಕೋಣೆ ತೆರೆದ. ಬೆಲೆ ಅಗ್ಗ, ಗಿರಾಕಿಗಳ ನೂಕುನುಗ್ಗಲು. ಉಳಿದ ವ್ಯಾಪಾರಿಗಳಿಗೆ ಹೊಟ್ಟೆಯುರಿ. ಇವನಿಗೆ ಮಾಲು ಕೊಡಬೇಡಿ ಎಂದು ತಯಾರಕರ ಮೇಲೆ ಒತ್ತಡ ತಂದರು, ಮೇಳಗಳಿಂದ ದೂರವಿಟ್ಟರು. ಕಾಂಪ್ರಾಡ್ ಬೇರೆ ದಾರಿಯಿಲ್ಲದೆ ತನ್ನದೇ ವಿನ್ಯಾಸಗಳನ್ನು ಮಾಡಿಸತೊಡಗಿದ. 1961ರ ಹೊತ್ತಿಗೆ ಕಮ್ಯುನಿಸ್ಟ್ ಪೋಲೆಂಡಿನಿಂದ ಮಾಲು ತರಿಸಿದ. ಅಗ್ಗದ ಬೆಲೆ ಅಲ್ಲಿಂದ ಇನ್ನಷ್ಟು ಅಗ್ಗವಾಯಿತು.

ಚಪ್ಪಟೆ ಪೆಟ್ಟಿಗೆ ಹುಟ್ಟಿದ್ದು ಈ ಗದ್ದಲದ ನಡುವೆ, 1950ರ ದಶಕದ ಮಧ್ಯದಲ್ಲಿ. ಗಿಲ್ಲಿಸ್ ಲುಂಡ್‌ಗ್ರೆನ್ ಎಂಬ ನೌಕರ ಒಂದು ಮೇಜನ್ನು ಕಾರಿನಲ್ಲಿ ಇಡಲು ಹೆಣಗಿ, ಹಿಡಿಸದೆ, ಕೊನೆಗೆ ಕಾಲುಗಳನ್ನು ಬಿಚ್ಚಿಬಿಟ್ಟ. ಅಷ್ಟೇ. ಬಿಚ್ಚಿ ಜೋಡಿಸುವ ಸಾಮಾನು ಜಗತ್ತಿಗೆ ಹೊಸದೇನಲ್ಲ. ನಮ್ಮ ಅಜ್ಜಂದಿರ ಮರದ ಮಂಚಗಳನ್ನೂ ಬಿಚ್ಚಿಯೇ ಗಾಡಿಗೆ ಹೇರುತ್ತಿದ್ದರು. ಹೊಸದಾದದ್ದು ಅದನ್ನೇ ಇಡೀ ವ್ಯಾಪಾರದ ಬುನಾದಿ ಮಾಡಿಕೊಂಡದ್ದು. ಜೋಡಿಸುವ ಕೂಲಿ ಗಿರಾಕಿಯ ಪಾಲಿಗೆ. ಪೆಟ್ಟಿಗೆಯೊಳಗೆ ಒಂದು ಆಲೆನ್ ಕೀ, ಒಂದು ಹಿಡಿ ಸ್ಕ್ರೂ, ಅಕ್ಷರವೇ ಇಲ್ಲದ ಚಿತ್ರಗಳ ಹಾಳೆ. ಯಾವ ಭಾಷೆಯವನಾದರೂ ಚಿತ್ರ ನೋಡಿ ಜೋಡಿಸಬೇಕು. ನಮ್ಮ ದೇಶದ ಮಟ್ಟಿಗೆ ಈ ಲೆಕ್ಕ ಪೂರ್ತಿ ನಡೆಯಲಿಲ್ಲವೆನ್ನಿ. ಬಡಗಿಯನ್ನು ಕರೆಸಿ ರೂಢಿಯಾದ ನಮಗಾಗಿ ಜೋಡಿಸಿಕೊಡುವ ಏರ್ಪಾಡನ್ನೂ ಅವರು ಮಾಡಬೇಕಾಯಿತು.

1958ರಲ್ಲಿ ಎಲ್ಮ್‌ಹುಲ್ಟ್‌ನಲ್ಲಿ 6,700 ಚದರ ಮೀಟರಿನ ಮೊದಲ ಮಳಿಗೆ. 1963ರಲ್ಲಿ ನಾರ್ವೆ, 1965ರಲ್ಲಿ ಸ್ಟಾಕ್‌ಹೋಮಿನ ಹೊರವಲಯ. ಆ ಮಳಿಗೆ 1970ರಲ್ಲಿ ಬೆಂಕಿಗೆ ತುತ್ತಾಯಿತು; ಮರುವರ್ಷ ಮತ್ತೆ ತೆರೆದಾಗ ಗಿರಾಕಿಯೇ ಉಗ್ರಾಣಕ್ಕೆ ನಡೆದು ಪೆಟ್ಟಿಗೆ ಎತ್ತಿಕೊಳ್ಳುವ ಪದ್ಧತಿ ಇತ್ತು. ಆಮೇಲೆ ಸ್ವಿಟ್ಜರ್ಲೆಂಡ್, ಜರ್ಮನಿ, 1985ರಲ್ಲಿ ಅಮೆರಿಕ, 1987ರಲ್ಲಿ ಬ್ರಿಟನ್, 1998ರಲ್ಲಿ ಚೀನಾ.

ಗಾಳಿಯ ಮೇಲಿನ ಸಿಟ್ಟು ಎಲ್ಲಿಯವರೆಗೆ ಹೋಯಿತೆಂದರೆ, ‘ಬಾಂಗ್’ ಎಂಬ ಕಾಫಿ ಲೋಟದ ಆಕಾರವನ್ನೇ ಮತ್ತೆ ಮತ್ತೆ ತಿದ್ದಿದರು. ಸರಕು ಹೇರುವ ಒಂದು ಮಣೆಯ ಮೇಲೆ ಮೊದಲು 864 ಲೋಟ ಹಿಡಿಸುತ್ತಿದ್ದವು, ಕೊನೆಗೆ 2,024!

ಆದರೆ 1980ರಲ್ಲಿ ಬಂದ ಆ ‘ಲಾಕ್’ ಮೇಜಿನಲ್ಲಿ ಒಂದು ತಮಾಷೆ ಇದೆ. ಗಾಳಿಯನ್ನು ಸಾಗಿಸಲೊಲ್ಲೆ ಎಂದವರು ಮೇಜಿನ ಹೊಟ್ಟೆಯೊಳಗೇ ಗಾಳಿ ತುಂಬಿದರು. ಹಲಗೆ ದಪ್ಪಗೆ ಕಾಣುತ್ತದೆ. ಒಳಗಿರುವುದು ಜೇನುಗೂಡಿನಂಥ ಷಟ್ಕೋನದ ಕಾಗದ. ಮೇಲೊಂದು ಕೆಳಗೊಂದು ತೆಳು ಪದರ. ಬಾಗಿಲು ತಯಾರಿಸುವವರಿಂದ ಕಲಿತ ತಂತ್ರವಿದು. ಒಂದು ಹಲಗೆ ಬಾಗುವಾಗ ಮೇಲ್ಪದರ ಅದುಮಿಕೊಳ್ಳುತ್ತದೆ, ಕೆಳಪದರ ಎಳೆದುಕೊಳ್ಳುತ್ತದೆ. ನಡುವಿನದಕ್ಕೆ ಹೆಚ್ಚು ಕೆಲಸವಿಲ್ಲ. ಬಿದಿರು ಒಳಗೆ ಟೊಳ್ಳಾಗಿದ್ದೂ ಗಟ್ಟಿಯಾಗಿರುವುದು ಇದೇ ಕಾರಣಕ್ಕೆ.

ಅಗ್ಗಕ್ಕೆ ಬೆಲೆ ಇಲ್ಲದಿಲ್ಲ. ಮರದ ಪುಡಿಯನ್ನು ಅಂಟಿನಿಂದ ಒತ್ತಿದ ಪಾರ್ಟಿಕಲ್ ಬೋರ್ಡಿನ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ನಮ್ಮ ಶಾಲೆಯ ಪ್ರಯೋಗಾಲಯದ ಗಾಜಿನ ಭರಣಿಯಲ್ಲಿ ಕಪ್ಪೆ ಮುಳುಗಿದೆಯಲ್ಲ, ಆ ಫಾರ್ಮಲಿನ್ ಇದರದೇ ದ್ರಾವಣ. ಕಣ್ಣು ಉರಿಸುತ್ತದೆ, ಕ್ಯಾನ್ಸರ್‌ಕಾರಕವೆಂದು 2004ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೇಳಿತು. 1980ರ ದಶಕದಲ್ಲಿ ಡೆನ್ಮಾರ್ಕಿನಲ್ಲಿ, 1992ರಲ್ಲಿ ಜರ್ಮನಿಯಲ್ಲಿ ಐಕಿಯಾ ಈ ವಿಷಯದಲ್ಲಿ ಸಿಕ್ಕಿಬಿತ್ತು. ಎರಡನೆಯ ಸಲದ ತಪ್ಪು ಹಲಗೆಯದಲ್ಲ, ‘ಬಿಲ್ಲಿ’ ಪುಸ್ತಕದ ಕಪಾಟಿಗೆ ಬಳಿದ ಅರಗಿನದು. 1990ರ ದಶಕದಲ್ಲಿ ಪಾಕಿಸ್ತಾನದ ಜಮಖಾನ ನೇಯ್ಗೆಯಲ್ಲಿದ್ದ ಬಾಲಕಾರ್ಮಿಕರ ಸಂಗತಿ ಟಿ.ವಿ.ಯಲ್ಲಿ ಬಯಲಾಯಿತು. ಹಳೆಯ ಪೂರ್ವ ಜರ್ಮನಿಯಲ್ಲಿ ರಾಜಕೀಯ ಕೈದಿಗಳ ದುಡಿಮೆಯಿಂದ ಸಾಮಾನು ತಯಾರಾದದ್ದಕ್ಕೆ 2012ರಲ್ಲಿ ಕಂಪನಿ ವಿಷಾದಿಸಿತು. ಕಾಂಪ್ರಾಡ್ ಕೂಡ ಸಂತನೇನಲ್ಲ. ಯೌವನದಲ್ಲಿ ಫ್ಯಾಸಿಸ್ಟ್ ಗುಂಪಿನ ಜೊತೆಗಿದ್ದುದು 1994ರಲ್ಲಿ ಹೊರಬಿದ್ದಾಗ ನೌಕರರಿಗೆ ಪತ್ರ ಬರೆದು ಕ್ಷಮೆ ಕೇಳಿದ. ಸತ್ತದ್ದು 2018ರ ಜನವರಿಯಲ್ಲಿ, 91ನೆಯ ವಯಸ್ಸಿನಲ್ಲಿ.

ತಂದೆ ತಾಯಿಗಳು ಗಮನಿಸಬೇಕಾದದ್ದು ಇನ್ನೊಂದಿದೆ. ‘ಮಾಲ್ಮ್’ ಎಂಬ ಡ್ರಾಯರುಗಳ ಬೀರು ಅಮೆರಿಕದಲ್ಲಿ ಚಿಕ್ಕ ಮಕ್ಕಳ ಮೇಲೆ ಮಗುಚಿ ಬಿತ್ತು. 2014ರಲ್ಲಿ ಎರಡು ಮಕ್ಕಳು, 2016ರಲ್ಲಿ ಮತ್ತೊಂದು ಪ್ರಾಣ ಕಳೆದುಕೊಂಡವು. 2016ರ ಜೂನ್‌ನಲ್ಲಿ ಆ ದೇಶದಲ್ಲಿ 2 ಕೋಟಿ 90 ಲಕ್ಷ ಬೀರುಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಮೂರು ಕುಟುಂಬಗಳಿಗೆ ಒಟ್ಟು 5 ಕೋಟಿ ಡಾಲರ್ ಪರಿಹಾರ ಸಂದಿತು.

ಬೀರು ಏಕೆ ಮಗುಚುತ್ತದೆ? ಹತ್ತನೆಯ ತರಗತಿಯ ಹುಡುಗನೂ ಲೆಕ್ಕ ಹಾಕಬಹುದು. ಉದಾಹರಣೆಗೆ ಬೀರುವಿನ ಚೌಕಟ್ಟು 30 ಕಿಲೊ, ಅದರ ಗುರುತ್ವ ಕೇಂದ್ರ ಮುಂದಿನ ಅಂಚಿನಿಂದ 22 ಸೆಂಟಿಮೀಟರ್ ಹಿಂದೆ ಎನ್ನೋಣ. ಹಿಂದಕ್ಕೆ ಹಿಡಿದಿಡುವ ಬಲ 30 x 22, ಅಂದರೆ 660. ಐದೈದು ಕಿಲೊದ ಮೂರು ಡ್ರಾಯರುಗಳನ್ನು ಎಳೆದಾಗ ಅವುಗಳ ಕೇಂದ್ರ ಅಂಚಿನಿಂದ 12 ಸೆಂಟಿಮೀಟರ್ ಮುಂದೆ ಬಂತು: 180. ಇಷ್ಟಾದರೂ ಬೀರು ನಿಲ್ಲುತ್ತದೆ. ಈಗ 15 ಕಿಲೊ ತೂಕದ ಮಗು ಡ್ರಾಯರನ್ನೇ ಮೆಟ್ಟಿಲೆಂದುಕೊಂಡು 35 ಸೆಂಟಿಮೀಟರ್ ದೂರದಲ್ಲಿ ಹತ್ತಿತು: 525. ಮುಂದಕ್ಕೆ ಒಟ್ಟು 705. ಮುಗಿಯಿತು. ಅದೇ ಬೀರು ಅಜ್ಜನ ಕಾಲದ ತೇಗದ್ದಾಗಿ ಚೌಕಟ್ಟೇ 60 ಕಿಲೊ ತೂಗಿದ್ದರೆ ಅಲುಗುತ್ತಿರಲಿಲ್ಲ. ಸಾಗಾಣಿಕೆಯಲ್ಲಿ ಉಳಿತಾಯ ಕೊಟ್ಟ ಹಗುರವೇ ಇಲ್ಲಿ ಕೈಕೊಡುತ್ತದೆ.

ನಂಬಿಕೆಯಿಲ್ಲದವರು ಮೂರು ಬೆಂಕಿಪೊಟ್ಟಣಗಳನ್ನು ಒಂದರ ಮೇಲೊಂದು ಅಂಟಿಸಿ, ಒಳಗಿನ ಮೂರೂ ಗೂಡುಗಳನ್ನು ಮುಂದಕ್ಕೆ ಎಳೆದು, ತುದಿಯಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ನೋಡಿ. ಆಮೇಲೆ ಹಿಂಬದಿಯನ್ನು ಗೋಡೆಗೆ ಅಂಟುಪಟ್ಟಿಯಿಂದ ಬಿಗಿದು, ಇನ್ನೊಮ್ಮೆ ನಾಣ್ಯ ಇಡಿ.

ಇಂಥ ಬೀರುಗಳ ಪೆಟ್ಟಿಗೆಯಲ್ಲಿ ಗೋಡೆಗೆ ಬಿಗಿಯುವ ಒಂದು ಪಟ್ಟಿ ಕೊಟ್ಟಿರುತ್ತಾರೆ. ಹೆಚ್ಚಿನ ಮನೆಗಳಲ್ಲಿ ಅದು ಮಿಕ್ಕಿದ ಸ್ಕ್ರೂಗಳ ಜೊತೆ ಅಡುಗೆಮನೆಯ ಡಬ್ಬಿ ಸೇರುತ್ತದೆ. ಬಾಡಿಗೆ ಮನೆಯಾದರಂತೂ ಗೋಡೆಗೆ ಮೊಳೆ ಹೊಡೆಯಕೂಡದೆಂಬ ಕಟ್ಟಪ್ಪಣೆ ಬೇರೆ. ನನ್ನ ಮಗಳ ಮನೆಯಲ್ಲೂ ಹಾಗೇ ಆಗಿತ್ತು. ಮೊಮ್ಮಗ ತೆವಳಲು ಶುರುಮಾಡಿದ ವಾರವೇ ನಾನು ಮನೆಯ ಯಜಮಾನರ ಬಳಿ ಹೋಗಿ, ಮೂರು ಬೆಂಕಿಪೊಟ್ಟಣಗಳನ್ನು ಅವರ ಟೀಪಾಯಿಯ ಮೇಲೆ ಇಟ್ಟು ತೋರಿಸಿದೆ. ಅವರು ನಾಣ್ಯವನ್ನು ತಾವೇ ಎರಡು ಸಲ ಇಟ್ಟು ನೋಡಿದರು. ಮೊಳೆಗೆ ಒಪ್ಪಿಗೆ ಸಿಕ್ಕಿತು. ಮನೆ ಬಿಡುವಾಗ ತೂತಿಗೆ ಸಿಮೆಂಟು ತುಂಬಿಸಿಕೊಡಬೇಕೆಂಬ ಷರತ್ತಿನ ಮೇಲೆ.