ಅಲೆಯ ಗೆರೆಯ ಮೇಲೂ ಕೆಳಗೂ

ನಮ್ಮ ಬಯಲುಸೀಮೆಯ ಧರ್ಮಪುರಕ್ಕೆ ಕಡಲು ಬಲು ದೂರ. ಈ ಸೀಮೆಯವರು ಕಂಡ ದೊಡ್ಡ ನೀರೆಂದರೆ ಮಾರಿಕಣಿವೆ ಜಲಾಶಯ. 2022ರಲ್ಲಿ, 89 ವರ್ಷಗಳ ಬಳಿಕ ಅದು ಕೋಡಿ ಬಿದ್ದಾಗ ಜನ ಸಾಲುಗಟ್ಟಿ ಹೋಗಿ ಕಣ್ತುಂಬಿಕೊಂಡರು. ಆದರೂ ಕಂಡದ್ದು ನೀರಿನ ಮೈ ಮಾತ್ರ. ಒಳಗೇನಿದೆ ಎಂಬುದು ದಡದಲ್ಲಿ ನಿಂತವರಿಗೆ ಕಾಣುವುದಿಲ್ಲ. ಮೇಲಿನದನ್ನೂ ಒಳಗಿನದನ್ನೂ ಒಂದೇ ಚೌಕಟ್ಟಿಗೆ ತರುವ ಕಡಲಚಿತ್ರಗಳು ನನ್ನನ್ನು ಸೆಳೆದದ್ದು ಇದಕ್ಕೇ.

ಇಂಥ ಚಿತ್ರದಲ್ಲಿ ಮೇಲ್ಗಡೆ ಮುಗಿಲು, ದೋಣಿ, ಹಕ್ಕಿ. ನಡುವೆ ಅಲೆಯ ಗೆರೆ. ಕೆಳಗಡೆ ತಿಮಿಂಗಿಲ, ಆಮೆ, ಹವಳ. ಅಮೆರಿಕದ ವೈಲ್ಯಾಂಡ್ ಇದನ್ನು ಮನೆಮಾತಾಗಿಸಿದ ಕಲಾವಿದ. 1981ರಲ್ಲಿ ಕ್ಯಾಲಿಫೋರ್ನಿಯಾದ ಲಗೂನಾ ಬೀಚಿನ ಗೋಡೆಯೊಂದರ ಮೇಲೆ ತಿಮಿಂಗಿಲ ಬರೆದು ಶುರುಮಾಡಿದವರು, 2008ರಲ್ಲಿ ಬೀಜಿಂಗ್‌ನಲ್ಲಿ ನೂರನೆಯ ಗೋಡೆ ಮುಟ್ಟಿದರು.

ನನಗೆ ಹೆಚ್ಚು ಹಿಡಿಸುವವರು ಅವರಿಗಿಂತ ಹಿಂದೆ, ನೀರಿಗಿಳಿದೇ ಬರೆದವರು. ಆಸ್ಟ್ರಿಯಾದ ಯೂಜೆನ್ ಫಾನ್ ರಾನ್ಸೊನೆಟ್ 1860ರ ದಶಕದಲ್ಲಿ ಸಿಂಹಳದ ಕಡಲಿಗೆ ಗಾಜಿನ ಕಿಟಕಿಯಿದ್ದ ಕಬ್ಬಿಣದ ಗಂಟೆಯೊಂದನ್ನು ಇಳಿಸಿ, ಅದರೊಳಗೆ ಕೂತು, ಕಂಡದ್ದನ್ನು ಅಲ್ಲೇ ಗೀಚಿಕೊಂಡ. ಉಸಿರಾಡುವ ಗಾಳಿ ಮೇಲಿನಿಂದ ಕೊಳವೆಯಲ್ಲಿ ಬರುತ್ತಿತ್ತು. 1866ರಲ್ಲಿ ಮದ್ರಾಸಿನಲ್ಲಿ ಹುಟ್ಟಿದ ಝಾರ್ ಪ್ರಿಚರ್ಡ್ ಇನ್ನೂ ಮುಂದೆ ಹೋದ. ತಾಹಿತಿಯ ಕಡಲಲ್ಲಿ ಮುಳುಗುವವರ ಶಿರಸ್ತ್ರಾಣ ತೊಟ್ಟು ಇಳಿದು, ಎಣ್ಣೆಯಲ್ಲಿ ನೆನೆಸಿದ ತೊಗಲಿನ ಮೇಲೆ ನೀರೊಳಗೇ ಬಣ್ಣ ಹಚ್ಚಿದ. ಅವನ ಬಣ್ಣಗಳು ಮಂಜು ಕವಿದಂತೆ ಮಾಸಲು. ಅದೇ ನಿಜ: ಕೆಲವೇ ಮೀಟರು ಇಳಿಯುವಷ್ಟರಲ್ಲಿ ಕೆಂಪು ಕರಗಿಹೋಗುತ್ತದೆ, ಉಳಿಯುವುದು ನೀಲಿ, ಹಸಿರು. ಆಳದ ಹವಳಕ್ಕೆ ಕುಂಕುಮದ ಕೆಂಪು ಬಳಿದ ಪೋಸ್ಟರುಗಳು ಎಷ್ಟೇ ಚಂದವಿರಲಿ, ಅವನ್ನು ಬರೆದವರು ನೀರಿಗಿಳಿದಿಲ್ಲ ಎಂದೇ ನನಗನಿಸುತ್ತದೆ.

ಗೆರೆಯ ಬಳಿಯಂತೂ ಕಣ್ಣಿಗೆ ಕಠಿಣ ಪರೀಕ್ಷೆ. ಮುಳುಗುಗನ್ನಡಕದ ಚಪ್ಪಟೆ ಗಾಜಿನಲ್ಲಿ ನೋಡಿದರೆ ನೀರೊಳಗಿನದು ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತದೆ. ಸೊಂಟದ ಮಟ್ಟದ ನೀರಲ್ಲಿ ನಿಂತವನ ಕಾಲು ಮೈಗೆ ಹೊಂದುವುದೇ ಇಲ್ಲ. ಕೆಳಗಿನಿಂದ ತಲೆಯೆತ್ತಿದರೆ ಇಡೀ ಆಕಾಶ ಸುಮಾರು 97 ಡಿಗ್ರಿಯ ಒಂದು ದುಂಡು ಕಿಂಡಿಯೊಳಗೆ ಅಡಕವಾಗಿರುತ್ತದೆ. ಅದರಾಚೆಗೆ ನೀರಿನ ಮೈ ಕನ್ನಡಿಯಾಗಿ ಕಡಲ ತಳವನ್ನೇ ತೋರಿಸುತ್ತದೆ. ಎರಡೂ ಲೋಕ ಒಂದಕ್ಕೊಂದು ಹೊಂದುವಂತೆ ಎಲ್ಲಿ ನಿಜ ಹೇಳಬೇಕು, ಎಲ್ಲಿ ತಿದ್ದಬೇಕು ಎಂದು ತೀರ್ಮಾನಿಸುವುದರಲ್ಲೇ ಕಲಾವಿದನ ಜಾಣ್ಮೆಯಿದೆ.

ನಮ್ಮವರಿಗೂ ಈ ಕಲ್ಪನೆ ಹೊಸತಲ್ಲ. ಸಮುದ್ರಮಥನದಲ್ಲಿ ಮೇಲೆ ಮಂದರ, ಹಗ್ಗ ಎಳೆಯುವ ದೇವಾಸುರರು; ತಳದಲ್ಲಿ ಬೆಟ್ಟ ಹೊತ್ತ ಕೂರ್ಮ. ಬಾದಾಮಿಯ ಎರಡನೆಯ ಗುಹೆಯಲ್ಲಂತೂ ನೀರೊಳಗಿನ ಮೀನು ತಲೆಯ ಮೇಲೇರಿದೆ: ಚಾವಣಿಯಲ್ಲಿ ಮೀನುಗಳೇ ಅರೆಕಾಲುಗಳಾದ ಚಕ್ರವಿದೆ.

ಈಗ ನಮ್ಮ ಕಡಲಲ್ಲೇ ಇಳಿದು ನೋಡಬಹುದು. ಮಳೆಗಾಲ ಕಳೆದ ಮೇಲೆ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ದೋಣಿಗಳು ಹೋಗುತ್ತವೆ. ಮುಳುಗುವವರ ಪ್ಲಾಸ್ಟಿಕ್ ಹಲಗೆಯ ಮೇಲೆ ಸಾಮಾನ್ಯ ಪೆನ್ಸಿಲ್ ನೀರೊಳಗೂ ಮೂಡುತ್ತದೆ. ನಮ್ಮ ಬಯಲುಸೀಮೆಯ ಚಿತ್ರಕಲಾ ಶಾಲೆಗಳ ಮಕ್ಕಳನ್ನು ಹಲಗೆ ಸಮೇತ ಅಲ್ಲಿಗೆ ಕರೆದೊಯ್ಯುವವರು ಬೇಕು.