ಇರುಳುಗುರುಡಿನ ಮೂಲವನ್ನು ಅರಸುವ ಬಗೆ

ಬೀದರ ಜಿಲ್ಲೆಯ ಚಿಂತಾಕಿಯಂತಹ ಊರಿನಲ್ಲಿ ಬಾಲಕನೊಬ್ಬನು ಸಂಜೆಯಾದೊಡನೆ ಎಡವತೊಡಗಿದರೆ ಹಿರಿಯರು ಅವನಿಗೆ ಗಜ್ಜರಿಯನ್ನೂ ನುಗ್ಗೆಸೊಪ್ಪನ್ನೂ ತಿನ್ನಿಸುವರು. ಈ ಉಪಚಾರವೇನೂ ತಪ್ಪಲ್ಲ. ‘ಎ’ ಜೀವಸತ್ವದ ಕೊರತೆಯಿಂದ ಬಂದ ಇರುಳುಗುರುಡು ಅದರಿಂದ ಗುಣವಾಗುವುದುಂಟು. ಆದರೆ ತಿಂಗಳುಗಳು ಕಳೆದರೂ ಗುಣ ಕಾಣದೆ, ಹಗಲಿನಲ್ಲಿಯೂ ನೋಟದ ಅಂಚು ಕುಗ್ಗುತ್ತ ಬಂದು, ಕೊಳವೆಯೊಳಗಿಂದ ನೋಡಿದಂತಾಗುವುದಾದರೆ ಕಾರಣವನ್ನು ಊಟದ ತಟ್ಟೆಯಲ್ಲಿ ಅರಸಿ ಫಲವಿಲ್ಲ. ಅದು ವಂಶವಾಹಿಗಳಲ್ಲಿ ಅಡಗಿರಬಹುದು.

ನಮ್ಮ ಒಂದೊಂದು ಅಕ್ಷಿಪಟದಲ್ಲಿಯೂ ಸುಮಾರು ೧೨ ಕೋಟಿ ದಂಡಕೋಶಗಳೂ ೬೦ ಲಕ್ಷ ಶಂಕುಕೋಶಗಳೂ ಇವೆ. ಮಬ್ಬುಬೆಳಕಿನ ನೋಟವು ದಂಡಕೋಶಗಳ ಕೆಲಸ. ಬೆಳಕಿನ ಒಂದೇ ಕಣವು ತಾಗಿದರೂ ದಂಡಕೋಶವು ಎಚ್ಚರಗೊಳ್ಳುತ್ತದೆಂದು ಹೆಕ್ಟ್, ಶ್ಲೇರ್, ಪಿರೆನ್ ಎಂಬ ಮೂವರು ೧೯೪೨ರಲ್ಲಿ ಪ್ರಯೋಗದಿಂದ ನಿರ್ಣಯಿಸಿದರು. ನಮ್ಮ ಭೌತವಿಜ್ಞಾನದ ಎಷ್ಟೋ ಉಪಕರಣಗಳು ಇದರ ಮುಂದೆ ತಲೆತಗ್ಗಿಸಬೇಕು! ಈ ಕೋಶದ ರೊಡಾಪ್ಸಿನ್ ಎಂಬ ವರ್ಣದ್ರವ್ಯದೊಳಗೆ ‘ಎ’ ಜೀವಸತ್ವದಿಂದ ಬಂದ ಬಾಗಿದ ಅಣುವೊಂದು ಕುಳಿತಿರುತ್ತದೆ. ಬೆಳಕು ಬಡಿದೊಡನೆ ಅದು ನೆಟ್ಟಗಾಗುತ್ತದೆ. ನೋಟವು ಆರಂಭವಾಗುವುದೇ ಹೀಗೆ. ನೆಟ್ಟಗಾದುದನ್ನು ಮತ್ತೆ ಬಾಗಿಸಬೇಕಲ್ಲವೆ? ಅದಕ್ಕೆ ಬೇಕಾದ ಕಿಣ್ವವನ್ನು ಆರ್‌ಪಿಇ೬೫ ಎಂಬ ವಂಶವಾಹಿಯು ಒದಗಿಸುತ್ತದೆ. ಅದು ಕೆಟ್ಟರೆ ಎಷ್ಟು ಸೊಪ್ಪು ತಿಂದರೂ ಜೀವಸತ್ವವು ಕಣ್ಣಿನ ಬಳಕೆಗೆ ಬಾರದು.

ಕೆಡಬಲ್ಲ ವಂಶವಾಹಿ ಇದೊಂದೇ ಅಲ್ಲ. ೧೯೯೦ರಲ್ಲಿ ರೊಡಾಪ್ಸಿನ್ನಿನ ವಂಶವಾಹಿಯ ದೋಷವು ಗೊತ್ತಾದಂದಿನಿಂದ ಅಕ್ಷಿಪಟದ ಆನುವಂಶಿಕ ರೋಗಗಳಿಗೆ ಕಾರಣವಾದ ೨೫೦ಕ್ಕೂ ಹೆಚ್ಚು ವಂಶವಾಹಿಗಳು ಪತ್ತೆಯಾಗಿವೆ. ಚಿಂತಾಕಿಗೆ ಬೆಂಗಳೂರಿಗಿಂತ ಹೈದರಾಬಾದು ಹತ್ತಿರ. ಅಲ್ಲಿನ ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆಯಲ್ಲಿ ಡಾ. ಚಿತ್ರಾ ಕಣ್ಣಬಿರಾನ್ ಮತ್ತು ಸಂಗಡಿಗರು ಭಾರತೀಯ ಕುಟುಂಬಗಳಲ್ಲಿ ಇಂತಹ ದೋಷಗಳನ್ನು ಅರಸಿದ್ದಾರೆ. ರಕ್ತಸಂಬಂಧದ ಮದುವೆಯಾದ ಮನೆತನಗಳಲ್ಲಿ ರೋಗಿಯ ಎರಡು ಪ್ರತಿಗಳೂ ಒಬ್ಬನೇ ಪೂರ್ವಿಕನಿಂದ ಇಳಿದು ಬಂದಿರುವ ಸಂಭವ ಹೆಚ್ಚು. ಆದಕಾರಣ ಎರಡೂ ಕಡೆ ಅಕ್ಷರಶಃ ಒಂದೇ ಆಗಿರುವ ಭಾಗವನ್ನು ಗುರುತಿಸಿ, ಅಲ್ಲಿಯೇ ಹುಡುಕಬಹುದು. ೨೦೦೯ರಲ್ಲಿ ಅವರು ಪ್ರಕಟಿಸಿದ ಶೋಧನೆಯು ಈ ಉಪಾಯವನ್ನೇ ಆಶ್ರಯಿಸಿತ್ತು.

ಪರೀಕ್ಷೆಗೆ ಒಂದೆರಡು ಚಮಚೆ ರಕ್ತ ಸಾಕು. ಅದರಿಂದ ಡಿಎನ್‌ಎಯನ್ನು ಬೇರ್ಪಡಿಸಿ, ಅದರ ಅಕ್ಷರಗಳಿಗೆ ಹೊಳೆಯುವ ಬಣ್ಣಗಳನ್ನು ಅಂಟಿಸಿ, ಯಂತ್ರವು ಓದಿಕೊಳ್ಳುತ್ತದೆ. ಓದುವುದು ಸುಲಭ, ಅರ್ಥಮಾಡುವುದು ಕಷ್ಟ. ಆರೋಗ್ಯವಂತರಲ್ಲಿಯೂ ಲಕ್ಷಗಟ್ಟಲೆ ಅಕ್ಷರವ್ಯತ್ಯಾಸಗಳಿರುತ್ತವೆ. ತಂದೆತಾಯಿಗಳ ರಕ್ತವನ್ನೂ ಕೇಳುವುದು ಇದಕ್ಕಾಗಿಯೇ. ಸಂಶೋಧನಾಲಯವು ಉತ್ತರವನ್ನು ಇಂತಿಷ್ಟು ದಿನದಲ್ಲಿ ಕೊಡುವೆನೆಂದು ಹೇಳಲಾರದು. ಕೆಲವರಿಗೆ ಉತ್ತರವೇ ದೊರೆಯದು. ದೊರೆತರೂ ಅದನ್ನು ಚಿಕಿತ್ಸೆಗೆ ಬಳಸುವ ಮುನ್ನ ರೋಗನಿದಾನದ ಪ್ರಯೋಗಾಲಯದಲ್ಲಿ ಹೊಸ ರಕ್ತದಿಂದ ದೃಢಪಡಿಸಿಕೊಳ್ಳಬೇಕು.

ಇಷ್ಟು ಶ್ರಮವೇಕೆ? ಆರ್‌ಪಿಇ೬೫ರ ಎರಡೂ ಪ್ರತಿಗಳು ಕೆಟ್ಟವರಿಗೆ, ಸರಿಯಾದ ಪ್ರತಿಯನ್ನು ವೈರಸ್ಸೊಂದರ ಮೂಲಕ ಅಕ್ಷಿಪಟದಡಿಗೆ ತಲಪಿಸುವ ಚಿಕಿತ್ಸೆಗೆ ಅಮೆರಿಕವು ೨೦೧೭ರ ಡಿಸೆಂಬರಿನಲ್ಲಿ ಅನುಮತಿಯಿತ್ತಿತು. ಎರಡು ಕಣ್ಣುಗಳಿಗೆಂದು ಘೋಷಿತವಾದ ಬೆಲೆ ೮,೫೦,೦೦೦ ಡಾಲರು! ಕೋಶಗಳು ಜೀವಂತವಿದ್ದರೆ ಮಾತ್ರ ಫಲ. ಬೇರೆ ವಂಶವಾಹಿ ಕೆಟ್ಟಿದ್ದರೆ ಅದು ನಿರುಪಯೋಗಿ.

ಚಿಕಿತ್ಸೆ ಎಟುಕದ ಮನೆಯಲ್ಲಿಯೂ ಇನ್ನೊಂದು ಪ್ರಶ್ನೆಯಿದೆ. ರೋಗಿಯ ಅಕ್ಕನಿಗೆ ಕಣ್ಣು ಚೆನ್ನಾಗಿದೆ. ಅವಳನ್ನು ಸೋದರಮಾವನಿಗೆ ಕೊಡುವ ಮಾತು ನಡೆದಿದೆಯೆನ್ನೋಣ. ರೋಗವು ಎರಡು ಪ್ರತಿಗಳೂ ಕೆಟ್ಟರೆ ಮಾತ್ರ ಬರುವ ಜಾತಿಯದಾದರೆ, ಅವಳು ಒಂದು ಕೆಟ್ಟ ಪ್ರತಿಯನ್ನು ಹೊತ್ತಿರುವ ಸಂಭವ ಮೂರರಲ್ಲಿ ಎರಡು. ತಾಯಿಯು ವಾಹಕಳಾದುದರಿಂದ ಅವಳ ತಮ್ಮನ ಸಂಭವ ಎರಡರಲ್ಲಿ ಒಂದು. ಇಬ್ಬರೂ ವಾಹಕರಾದರೆ ಪ್ರತಿ ಮಗುವಿಗೂ ರೋಗದ ಸಂಭವ ನಾಲ್ಕರಲ್ಲಿ ಒಂದು. ಮೂರನ್ನೂ ಗುಣಿಸಿದರೆ ಹನ್ನೆರಡರಲ್ಲಿ ಒಂದು. ಬಾಲಕನ ದೋಷವು ಯಾವ ಅಕ್ಷರದಲ್ಲಿದೆಯೆಂದು ಒಮ್ಮೆ ತಿಳಿದರೆ, ಅಕ್ಕನಲ್ಲಿಯೂ ಮಾವನಲ್ಲಿಯೂ ಆ ಒಂದು ಸ್ಥಾನವನ್ನಷ್ಟೇ ನೋಡಿದರಾಯಿತು. ಇಬ್ಬರಲ್ಲೊಬ್ಬರಿಗೆ ಅದು ಇಲ್ಲವಾದರೆ ಆ ದೋಷದಿಂದ ಮಕ್ಕಳಿಗೆ ರೋಗ ಬರುವ ಸಂಭವ ಬಹುಮಟ್ಟಿಗೆ ಸೊನ್ನೆಗೆ ಇಳಿಯುತ್ತದೆ. ಇಬ್ಬರಿಗೂ ಇದ್ದರೆ ನಾಲ್ಕರಲ್ಲಿ ಒಂದಕ್ಕೆ ಏರುತ್ತದೆ.