ಸೇನಾಧಿಕಾರಿಗಳು ಯಾವ ಮನೆಗಳಿಂದ ಬರುತ್ತಾರೆ?

(ಬಾನುಲಿ ಭಾಷಣ)

ಲಿಂಗಸುಗೂರು ಒಂದು ಕಾಲಕ್ಕೆ ದಂಡಿನ ಊರು. ಹತ್ತೊಂಬತ್ತನೆಯ ಶತಮಾನದಲ್ಲಿ ಹೈದರಾಬಾದ್ ಕಂಟಿಂಜೆಂಟ್ ಎಂಬ ಸೈನ್ಯದ ಛಾವಣಿ ಅಲ್ಲಿತ್ತು. 1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕನ ಮೇಲೆ ಅಲ್ಲಿಂದಲೂ ದಂಡು ಹೊರಟಿತು. ಅದೇ ತಾಲ್ಲೂಕಿನ ಮುದಗಲ್ಲ ಕೋಟೆಗಾಗಿ ವಿಜಯನಗರದವರೂ ಬಹಮನಿಯವರೂ ತಲೆಮಾರುಗಟ್ಟಲೆ ಕಾದಾಡಿದರು. ಹತ್ತಿರದ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದದ್ದು, ಯುದ್ಧಕ್ಕೆ ಬೇಸತ್ತ ಚಕ್ರವರ್ತಿ ಅಶೋಕನನ್ನು ಹೆಸರು ಹಿಡಿದು ಹೇಳುವ ಶಾಸನ. ಯುದ್ಧದ ನೆನಪು ಇಷ್ಟು ದಟ್ಟವಾಗಿರುವ ಈ ನೆಲದಿಂದ ಇಂದಿನ ಸೈನ್ಯಕ್ಕೆ ಹೋಗುವವರು ಯಾರು?

ಲಿಂಗಸುಗೂರು, ಸಿಂಧನೂರು, ಮಸ್ಕಿ ಈ ಮೂರೂ ಊರುಗಳ ಪ್ರೌಢಶಾಲೆಗಳಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವನು ನಾನು. ನನ್ನ ಬಳಿ ಓದಿ ಜವಾನರಾದವರನ್ನು ಎರಡು ಕೈಗಳ ಬೆರಳುಗಳಲ್ಲಿ ಎಣಿಸಿ ಮುಗಿಸಲಾರೆ. ಅಧಿಕಾರಿಯಾದವನು ಒಬ್ಬನೂ ಇಲ್ಲ. ಇದು ನಮ್ಮ ಹುಡುಗರ ಎದೆಗಾರಿಕೆಯ ಕೊರತೆಯೆಂದು ಹೇಳುವವರನ್ನು ಕಂಡಿದ್ದೇನೆ. ಆ ಮಾತು ನಿಜವಲ್ಲವೆಂಬುದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಂಟಿಂಜೆಂಟಿನ ದಿನಗಳಲ್ಲಿ ಅಧಿಕಾರಿಗಳು ಆಂಗ್ಲರು. ನಮ್ಮವರು ಎಷ್ಟೇ ಶೂರರಾಗಿರಲಿ, ಸುಬೇದಾರ, ರಿಸಾಲದಾರ ಪದವಿಗಳಿಗೆ ಅವರ ಏಳಿಗೆ ಮುಗಿಯುತ್ತಿತ್ತು. ಮೊದಲನೆಯ ಮಹಾಯುದ್ಧದ ಕೊನೆಗೆ ಆ ಗೋಡೆಯಲ್ಲಿ ಒಂದು ಕಿಂಡಿ ತೆರೆಯಿತು. ಆಗ ಇಂದೋರಿನ ಡೇಲಿ ಕಾಲೇಜಿನಲ್ಲಿ ತರಬೇತಿ ಪಡೆದು 1919ರಲ್ಲಿ ಅಧಿಕಾರಿಗಳಾದವರ ಮೊದಲ ತಂಡದಲ್ಲಿ ಕೊಡಗಿನ ಕಾರಿಯಪ್ಪನವರಿದ್ದರು. ಅವರೇ 1949ರ ಜನವರಿ 15ರಂದು ಭಾರತೀಯ ಸೈನ್ಯದ ಮೊದಲ ಭಾರತೀಯ ಮಹಾದಂಡನಾಯಕರಾದರು. ಅವರ ತಂದೆ ಕಂದಾಯ ಇಲಾಖೆಯಲ್ಲಿದ್ದರು. ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದವರು. ತಿಮ್ಮಯ್ಯನವರದು ಕಾಫಿ ತೋಟದ ಮನೆತನ. ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಡೆಹ್ರಾಡೂನಿನ ಮಿಲಿಟರಿ ಕಾಲೇಜು, ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. ಕೊಡವರ ಶೌರ್ಯದ ಬಗೆಗೆ ಎರಡು ಮಾತಿಲ್ಲ. ಆದರೆ ಆ ಶೌರ್ಯದ ಬೆನ್ನಿಗೆ ಭೂಮಿಯಿತ್ತು, ಶಾಲೆಯಿತ್ತು, ಇಂಗ್ಲಿಷ್ ಇತ್ತು, ಸರ್ಕಾರಿ ನೌಕರಿಯ ಪರಿಚಯವಿತ್ತು ಎಂಬುದನ್ನು ನಾವು ಮರೆಯಬಾರದು.

ಅದೇ ಕಾಲದಲ್ಲಿ ನಮ್ಮ ಕಡೆ ಏನಿತ್ತು? 1948ರ ಸೆಪ್ಟೆಂಬರ್ 17ರವರೆಗೆ ನಾವು ನಿಜಾಮರ ಪ್ರಜೆಗಳು. ಶಾಲೆಗಳು ವಿರಳ, ಇದ್ದಲ್ಲಿ ಕಲಿಕೆ ಉರ್ದುವಿನಲ್ಲಿ. ಹಿಂದಿನ ಕಾಲದಲ್ಲಿ ಪಾಳೆಯಗಾರರ ದಂಡಿನ ಬೆನ್ನೆಲುಬಾಗಿದ್ದ ಬೇಡ ನಾಯಕರ ಮಕ್ಕಳು ದನ ಕಾಯುತ್ತಿದ್ದರು. ಆ ಅಂತರ ಇಂದಿಗೂ ಅಳಿದಿಲ್ಲ. 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ ಐದೂವರೆ ಲಕ್ಷ, ಸಾಕ್ಷರತೆ ನೂರಕ್ಕೆ 82. ರಾಯಚೂರು ಜಿಲ್ಲೆಯ ಜನಸಂಖ್ಯೆ ಹತ್ತೊಂಬತ್ತು ಲಕ್ಷ, ಸಾಕ್ಷರತೆ ನೂರಕ್ಕೆ 60ಕ್ಕೂ ತುಸು ಕಡಿಮೆ. ಮೂರೂವರೆ ಪಟ್ಟು ಜನರಿದ್ದೂ ನಾವು ಹಿಂದೆ ಉಳಿದದ್ದು ಎಲ್ಲಿ ಎಂಬುದಕ್ಕೆ ಈ ಅಂಕಿಗಳೇ ಉತ್ತರ.

ಈ ಬಗೆಯ ಅಂತರವನ್ನು ಸ್ವತಂತ್ರ ಭಾರತ ಕಾಣದೆ ಇರಲಿಲ್ಲ. ರಕ್ಷಣಾ ಸಚಿವರಾಗಿದ್ದ ಕೃಷ್ಣ ಮೆನನ್ನರು 1961ರಲ್ಲಿ ಸೈನಿಕ ಶಾಲೆಗಳ ಯೋಜನೆಯನ್ನು ಆರಂಭಿಸಿದಾಗ, ಅಧಿಕಾರಿ ವರ್ಗದಲ್ಲಿ ಪ್ರಾಂತ ಪ್ರಾಂತಗಳ ನಡುವೆ, ವರ್ಗ ವರ್ಗಗಳ ನಡುವೆ ಇರುವ ಅಸಮತೋಲನವನ್ನು ಸರಿಪಡಿಸುವುದೇ ಅದರ ಗುರಿಯೆಂದು ಹೇಳಲಾಯಿತು. 1963ರಲ್ಲಿ ವಿಜಾಪುರದಲ್ಲಿ ಒಂದು ಶಾಲೆ ತೆರೆಯಿತು. ಕೊಡಗಿನಲ್ಲಿ 2007ರಲ್ಲಿ ಇನ್ನೊಂದು. ಪರಿಶಿಷ್ಟ ಜಾತಿ, ಪಂಗಡಗಳಿಗೆ ಅಲ್ಲಿ ಮೀಸಲು ಸ್ಥಾನಗಳುಂಟು. ವಿಜಾಪುರ ನಮಗೆ ಪರದೇಶವೇನಲ್ಲ. ಕೃಷ್ಣೆಯ ಆಚೆ ದಡದ ಸೀಮೆ.

ಹಾಗಿದ್ದರೂ ಪುಣೆಯ ಬಳಿಯ ಖಡಕ್‌ವಾಸ್ಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೋ, ಡೆಹ್ರಾಡೂನಿನ ಅಕಾಡೆಮಿಗೋ ಸೇರುವ ಕೆಡೆಟ್ಟುಗಳು ಯಾರ ಮಕ್ಕಳು? ಅಧಿಕಾರಿಗಳ ಮಕ್ಕಳಿದ್ದಾರೆ, ಸುಬೇದಾರರ, ಹವಾಲ್ದಾರರ ಮಕ್ಕಳೂ ಬಹಳ ಮಂದಿ ಇದ್ದಾರೆ. ಶಾಲಾ ಮಾಸ್ತರರು, ಗುಮಾಸ್ತರು, ಸಣ್ಣ ವ್ಯಾಪಾರಿಗಳ ಮಕ್ಕಳಿದ್ದಾರೆ. ಒಂದು ಕಾಲದಲ್ಲಿ ಸಿರಿವಂತರಿಗೂ ರಾಜಮನೆತನದವರಿಗೂ ಮೀಸಲಾಗಿದ್ದಂತಿದ್ದ ಪದವಿ ಮಧ್ಯಮ ವರ್ಗಕ್ಕೆ ಇಳಿದು ಬಂದಿದೆ. ಇದು ಸಂತೋಷದ ಸಂಗತಿ. ಆದರೆ ಡೆಹ್ರಾಡೂನಿನ ನಿರ್ಗಮನ ಪಥಸಂಚಲನದ ದಿನ ರಾಜ್ಯವಾರು ಪಟ್ಟಿ ನೋಡಿದರೆ ಉತ್ತರ ಪ್ರದೇಶ ಮುಂದಿರುತ್ತದೆ. ಉತ್ತರಾಖಂಡ, ಹರಿಯಾಣಗಳಂತಹ ಚಿಕ್ಕ ರಾಜ್ಯಗಳು ತಮ್ಮ ಜನಸಂಖ್ಯೆಗೆ ಮೀರಿ ಅಧಿಕಾರಿಗಳನ್ನು ಕೊಟ್ಟಿರುತ್ತವೆ. ಅಲ್ಲಿ ಊರಿಗೊಬ್ಬ ನಿವೃತ್ತ ಸೈನಿಕನಿರುತ್ತಾನೆ. ಯಾವ ಪರೀಕ್ಷೆ, ಯಾವ ವಯಸ್ಸು, ಯಾವ ಅರ್ಜಿ ಎಂಬುದು ಅಲ್ಲಿ ಕಟ್ಟೆಯ ಮೇಲಿನ ಮಾತು. ಅಧಿಕಾರಿಯ ಮಗನಿಗೆ ಆಸ್ತಿಗಿಂತ ಹೆಚ್ಚಾಗಿ ದೊರಕುವುದು ಈ ತಿಳಿವಳಿಕೆ.

ನಮ್ಮ ಮೂರು ಊರುಗಳನ್ನೇ ನೋಡಿ. ಸಿಂಧನೂರಿನಲ್ಲಿ ತುಂಗಭದ್ರೆಯ ಎಡದಂಡೆ ಕಾಲುವೆಯ ಕೆಳಗೆ ಭತ್ತ ಬೆಳೆದು ಉಳ್ಳವರಾದವರು ಮಕ್ಕಳನ್ನು ಡಾಕ್ಟರು, ಇಂಜಿನಿಯರುಗಳನ್ನಾಗಿ ಮಾಡಬೇಕೆನ್ನುತ್ತಾರೆ. ಸೈನ್ಯವೆಂದರೆ ತಾಯಂದಿರು ಕೈಮುಗಿಯುತ್ತಾರೆ. ಮಸ್ಕಿಯ ಸುತ್ತಲಿನ ಮಳೆಯಾಶ್ರಿತ ಹೊಲಗಳ ಮನೆಗಳಲ್ಲಿ ಹುಡುಗನು ದಂಡಿಗೆ ಹೋದರೆ ಮನೆ ನಡೆಯುತ್ತದೆಂಬ ಆಸೆಯಿದೆ. ಆದರೆ ಅವರಿಗೆ ಕಾಣುವುದು ಜವಾನನ ಹಾದಿ ಒಂದೇ. ಅಧಿಕಾರಿಯಾಗಿಸಬಲ್ಲ ಅನುಕೂಲವಿದ್ದವರಿಗೆ ಆಸೆಯಿಲ್ಲ. ಆಸೆಯಿದ್ದವರಿಗೆ ಹಾದಿ ಗೊತ್ತಿಲ್ಲ.

ಇನ್ನು ಭಾಷೆಯ ವಿಚಾರ. ಅಕಾಡೆಮಿಯ ಪ್ರವೇಶ ಪರೀಕ್ಷೆಯ ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಇರುತ್ತದೆ. ಅದರಲ್ಲಿ ಗೆದ್ದವನು ಆಯ್ಕೆ ಮಂಡಲಿಯ ಮುಂದೆ ಐದು ದಿನ ಅಪರಿಚಿತರ ನಡುವೆ ಚರ್ಚಿಸಬೇಕು, ಮುಂದಾಳಾಗಬೇಕು, ಮನಸ್ಸಿನಲ್ಲಿದ್ದುದನ್ನು ತಡವರಿಸದೆ ಹೇಳಬೇಕು. ಸೈನಿಕ ಶಾಲೆಯ ಒಂಬತ್ತನೆಯ ತರಗತಿಯ ಪ್ರವೇಶ ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ. ಆದರೆ ಆರನೆಯ ತರಗತಿಯ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು! ವಯಸ್ಸು ಹತ್ತರಿಂದ ಹನ್ನೆರಡು. ಶುಲ್ಕ ಹೆಚ್ಚೆನ್ನುವುದು ನಿಜ. ಬಡವರಿಗೆ ವಿದ್ಯಾರ್ಥಿವೇತನವೂ ಉಂಟು. ಎಂದರೆ, ಕನ್ನಡ ಬಲ್ಲ ಬಾಗಿಲು ಈ ಹಾದಿಯಲ್ಲಿ ಇರುವುದು ಒಂದೇ, ಮತ್ತು ಅದು ಮಗುವು ಐದನೆಯ ತರಗತಿಯಲ್ಲಿರುವಾಗ ಒಮ್ಮೆ ತೆರೆದು ಮುಚ್ಚಿಕೊಳ್ಳುತ್ತದೆ.

ಮಸ್ಕಿಯಲ್ಲಿ ನನ್ನ ಬಳಿ ಓದಿದ ಕುರಿಗಾಹಿಯೊಬ್ಬರ ಮಗನಿದ್ದ. ಲೆಕ್ಕದಲ್ಲಿ ಅವನನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಅವನು ಜವಾನನಾದ. ಈಚೆಗೆ ರಜೆಯ ಮೇಲೆ ಬಂದವನು ನಮ್ಮ ಮನೆಗೆ ಬಂದು ಹೇಳಿದ:

“ನಮ್ಮ ಸಾಹೇಬ್ರು ನನಗಿಂತ ಸಣ್ಣಾವ್ರು ಅದಾರ್ರಿ ಸರ್. ಅವರ ಅಪ್ಪಾರು ಫೌಜಿನ್ಯಾಗ ಸುಬೇದಾರ್ ಇದ್ರಂತ. ಐದನೇ ಕ್ಲಾಸಿನ್ಯಾಗ ಇದ್ದಾಗನ ಸೈನಿಕ ಶಾಲಿ ಪರೀಕ್ಷಾ ಬರಸಿದ್ರಂತ್ರಿ.” ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: “ನನಗ ಇದನ್ನ ಯಾರು ಹೇಳಬೇಕಿತ್ರಿ ಸರ್?”

ಅವನ ದನಿಯಲ್ಲಿ ಆಕ್ಷೇಪಣೆಯಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ. ಸೈನಿಕ ಶಾಲೆಯ ಪ್ರಕಟಣೆಯನ್ನು ನಾನು ವರ್ಷ ವರ್ಷವೂ ಪತ್ರಿಕೆಯಲ್ಲಿ ನೋಡಿದ್ದೇನೆ. ‘ಇದು ಪ್ರಾಥಮಿಕ ಶಾಲೆಯವರ ಕೆಲಸ’ ಎಂದುಕೊಂಡು ಪುಟ ತಿರುವಿದ್ದೇನೆ. ಪ್ರೌಢಶಾಲೆಗೆ ಬರುವಷ್ಟರಲ್ಲಿ ಅವನ ಬಾಗಿಲು ಮುಚ್ಚಿ ಎರಡು ವರ್ಷ ಕಳೆದಿತ್ತು. ಜವಾನನಾಗಿದ್ದುಕೊಂಡೇ ಅಧಿಕಾರಿಯಾಗಲು ಆರ್ಮಿ ಕೆಡೆಟ್ ಕಾಲೇಜಿನ ಹಾದಿಯೊಂದಿದೆ. ಅದರ ಇಪ್ಪತ್ತೇಳರ ವಯೋಮಿತಿಯನ್ನೂ ಅವನು ದಾಟಿದ್ದ. ನಾನು ಅವನಿಗೆ ಏನೂ ಹೇಳಲಾಗಲಿಲ್ಲ. ಚಹಾ ಆರಿಹೋಯಿತು.

ಎದ್ದು ಹೊರಡುವಾಗ ಅವನೇ ಜೇಬಿನಿಂದ ಒಂದು ಚೀಟಿ ತೆಗೆದ. ಅದರಲ್ಲಿ ಅವನ ಅಕ್ಕನ ಮಗಳ ಹೆಸರು, ಹುಟ್ಟಿದ ದಿನ. ಹುಡುಗಿ ಐದನೆಯ ತರಗತಿ. 2021ರಿಂದ ಸೈನಿಕ ಶಾಲೆಗಳೆಲ್ಲ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುತ್ತಿವೆ. 2022ರಿಂದ ಖಡಕ್‌ವಾಸ್ಲಾದಲ್ಲೂ ಹೆಣ್ಣುಮಕ್ಕಳಿದ್ದಾರೆ. ಅದು ನನಗಿಂತ ಮೊದಲು ಅವನಿಗೆ ತಿಳಿದಿತ್ತು. “ಲೆಕ್ಕ ನೀವು ಹೇಳಿಕೊಡ್ರಿ ಸರ್” ಎಂದ.

ಈಗ ಸಂಜೆ ಐದೂವರೆಗೆ ಆ ಹುಡುಗಿ ನಮ್ಮ ಮನೆಗೆ ಬರುತ್ತಾಳೆ. ಜೊತೆಗೆ ಅವಳ ಓಣಿಯ ಇನ್ನು ಮೂವರು. ಪರೀಕ್ಷೆಯಲ್ಲಿ ಏನಾಗುವುದೋ ಹೇಳಲಾರೆ. ಶ್ರೋತೃಗಳಲ್ಲಿ ನನ್ನ ಬಿನ್ನಹವಿಷ್ಟೆ: ನಿಮ್ಮ ಓಣಿಯಲ್ಲಿ ಐದನೆಯ ತರಗತಿ ಓದುತ್ತಿರುವ ಮಕ್ಕಳೆಷ್ಟು, ಅವರ ಮನೆಯವರಿಗೆ ಈ ಸಂಗತಿ ಗೊತ್ತೇ ಎಂದು ಒಮ್ಮೆ ವಿಚಾರಿಸಿ ನೋಡಿ.